ಒಂದು ಪಾಸು, ಒಬ್ಬರಿಗೇ ಪ್ರವೇಶ



ಈ ವಾರ ನಾನು ಸೋತ ಜಗಳವೊಂದರ ಕಥೆ ಹೇಳುತ್ತೇನೆ. ಜಗಳವಾದದ್ದು ನನ್ನ ಮೊಮ್ಮಗನಷ್ಟೇ ವಯಸ್ಸಿನ ಸೆಕ್ಯೂರಿಟಿ ಹುಡುಗನ ಜೊತೆ.

ನನ್ನ ತಂಗಿ ಬನಶಂಕರಿ ಎರಡನೇ ಹಂತದಲ್ಲಿದ್ದಾಳೆ. ಅದಕ್ಕೇ ನಮ್ಮ ಮನೆಯ ಮಕ್ಕಳಿಗೆಲ್ಲ ಅವಳು ‘ಬನಶಂಕರಿ ಅಜ್ಜಿ’. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅಂಗಳದಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಜಯನಗರದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂರನೇ ದಿನ ಸಂಜೆ ನಾವು ನೋಡಲು ಹೊರಟೆವು. ನಾವು ಎಂದರೆ ನಾನು, ನನ್ನಾಕೆ, ಐದನೇ ಕ್ಲಾಸಿನ ಮೊಮ್ಮಗಳು ಪುಟ್ಟಿ, ಜೊತೆಗೆ ‘ನಾನೂ ಒಂದು ಸಲ ನೋಡಿಬಿಡ್ತೀನಿ’ ಎಂದು ಆಟೋ ಹತ್ತಿದ ಪಕ್ಕದ ಮನೆಯವರು. ಕೈಯಲ್ಲಿ ಕ್ಯಾರಿಯರ್ ತುಂಬ ಬಿಸಿ ಸಾರು-ಅನ್ನ, ಒಂದು ಚೀಲ ಮೂಸಂಬಿ.

ಗೇಟಿನಲ್ಲಿ ಹುಡುಗ ಕೈ ಅಡ್ಡ ಇಟ್ಟ.

‘ಸಾರ್, ಒಂದು ಪಾಸ್‌ಗೆ ಒಬ್ಬರೇ. ಮಗೂನ ಬಿಡಕ್ಕಾಗಲ್ಲ. ಮಾಸ್ಕ್ ಹಾಕ್ಕೊಂಡು ಬನ್ನಿ.’

‘ಐದೇ ನಿಮಿಷ ಕಣಪ್ಪ. ಒಡಹುಟ್ಟಿದ ತಂಗಿ ಅವಳು.’

‘ಎಲ್ಲರೂ ಹಂಗೇ ಹೇಳ್ತಾರೆ ಸಾರ್.’

ನನಗೆ ಸಿಟ್ಟು ಬಂತು. ನನ್ನ ವಯಸ್ಸು, ನನ್ನ ಸರ್ವೀಸು ಎಲ್ಲ ಹೇಳಿದೆ. ಅಷ್ಟರಲ್ಲಿ ಪುಟ್ಟಿ ಎರಡು ಸಲ ಸೀನಿದಳು. ಡ್ಯೂಟಿ ಮುಗಿಸಿ ಹೊರಡುತ್ತಿದ್ದ ಒಬ್ಬ ನರ್ಸ್ ನಿಂತು ನೋಡಿದರು. ‘ನೆಗಡಿ ಯಾವಾಗಿಂದ ಪುಟ್ಟಾ?’ ಎಂದರು. ಅವಳು ಬಾಯಿ ಬಿಡುವ ಮೊದಲೇ ನಾನು, ‘ಬರೀ ನೆಗಡಿ ಕಣಮ್ಮ, ಜ್ವರ ಏನೂ ಇಲ್ಲ’ ಎಂದೆ.

‘ನಿಮಗೆ ಅದು ಬರೀ ನೆಗಡಿ ತಾತ. ಒಳಗೆ ಮಲಗಿರೋರಿಗೆ ಹಾಗಲ್ಲ’ ಎಂದು ಹೇಳಿ ಅವರು ಹೋದರು.

ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಯಾಕೆಂದು ಹೇಳಬೇಕಾದರೆ ಹಳೆಯ ಲೆಡ್ಜರ್ ಒಂದನ್ನು ತೆಗೆಯಬೇಕು.

1987ರಲ್ಲಿ ನಮ್ಮ ಬ್ರಾಂಚಿನ ಹೆಡ್ ಕ್ಯಾಷಿಯರ್ ಅವರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ನನಗೆ ನೋಟು ಎಣಿಸುವುದನ್ನು ಕಲಿಸಿದವರು ಅವರು. ಆ ವಾರ ನನಗೆ ಒಳ್ಳೆಯ ನೆಗಡಿ, ಕೆಮ್ಮು. ಆದರೂ ಹೋಗದಿದ್ದರೆ ಏನೆಂದುಕೊಂಡಾರು? ಆಫೀಸು ಮುಗಿಸಿ ನೇರವಾಗಿ ವಾರ್ಡಿಗೆ ಹೋದೆ. ಮಂಚದ ಅಂಚಿನಲ್ಲೇ ಕೂತು, ಟ್ರಾನ್ಸ್‌ಫರ್ ಸುದ್ದಿಯೆಲ್ಲ ಹೇಳುತ್ತ, ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತ, ಅದೇ ಕೈಯಲ್ಲಿ ಅವರ ಕೈ ಹಿಡಿದುಕೊಂಡು ಒಂದು ಗಂಟೆ ಇದ್ದೆ. ನಾಲ್ಕು ದಿನಕ್ಕೆ ಅವರಿಗೆ ಕೆಮ್ಮು ಶುರುವಾಯಿತು. ಆಮೇಲೆ ನ್ಯುಮೋನಿಯಾ ಎಂದರು. ಅವರು ಮತ್ತೆ ಕೌಂಟರಿಗೆ ಬರಲಿಲ್ಲ.

ನನ್ನ ನೆಗಡಿಯಿಂದಲೇ ಹಾಗಾಯಿತೆಂದು ಯಾರೂ ಹೇಳಲಿಲ್ಲ. ಹೇಳುವುದು ಸಾಧ್ಯವೂ ಇಲ್ಲ. ವಾರ್ಡಿಗೆ ಎಷ್ಟೋ ಜನ ಬಂದು ಹೋಗಿದ್ದರು. ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, ‘ನೀವೊಬ್ಬರು ಬಂದು ಪ್ರೀತಿಯಿಂದ ಕೂತು ಮಾತಾಡಿದಿರಿ’ ಎಂದು ನನಗೆ ಕೈ ಮುಗಿದರು. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಟ್ಯಾಲಿ ಆಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ. ಈ ಒಂದು ಲೆಕ್ಕ ಮಾತ್ರ ಇಂದಿಗೂ ಟ್ಯಾಲಿ ಆಗಿಲ್ಲ.

ಆಪರೇಷನ್ ಆದವರಿಗೆ ಸಣ್ಣ ನೆಗಡಿಯೂ ಯಾಕೆ ದೊಡ್ಡದಾಗುತ್ತದೆ? ನೋವಿನಿಂದ ಅವರು ಜೋರಾಗಿ ಉಸಿರೆಳೆಯುವುದಿಲ್ಲ, ಕೆಮ್ಮಿ ಕಫ ತೆಗೆಯುವುದೂ ಕಷ್ಟ. ಕಫ ಎದೆಯಲ್ಲೇ ಉಳಿಯುತ್ತದೆ, ರೋಗಾಣುವಿಗೆ ಅದೇ ಮನೆ. ಎಳೆಯ ಕೂಸುಗಳ ಉಸಿರಿನ ಕೊಳವೆ ಬಹಳ ಸಣ್ಣದು, ಸ್ವಲ್ಪ ಊದಿಕೊಂಡರೂ ಉಸಿರಾಟಕ್ಕೆ ಕಷ್ಟ. ಇನ್ನೂ ಒಂದು ಸಂಗತಿಯಿದೆ. ಫ್ಲೂ ಜ್ವರದ ವೈರಸ್ಸು ನಮಗೆ ಮೂಗು ಸೋರುವ ಒಂದು ದಿನ ಮೊದಲೇ ಇನ್ನೊಬ್ಬರಿಗೆ ಹರಡಬಲ್ಲದು. ‘ನನಗೇನೂ ಆಗಿಲ್ಲವಲ್ಲ’ ಎನ್ನುವವರಿಗೂ ಮಾಸ್ಕ್ ಕೊಡುವುದು ಅದಕ್ಕೇ.

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ‘ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದು ಯಾವ ಮ್ಯಾನೇಜರೂ ಮುನಿಸಿಕೊಂಡದ್ದನ್ನು ನಾನು ಕಾಣೆ. ಒಳಗಿರುವುದು ಪರರ ದುಡ್ಡು ಎಂದು ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ನಾವೇಕೆ ಮುನಿಸಿಕೊಳ್ಳುತ್ತೇವೆ?

ಮಕ್ಕಳೇ, ಮಾಸ್ಕ್ 2020ರಲ್ಲಿ ಹುಟ್ಟಿದ್ದಲ್ಲ. 1910ರ ಕೊನೆಯಲ್ಲಿ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿತು. ಅಲ್ಲಿಗೆ ಹೋದವರು ಪೆನಾಂಗಿನಲ್ಲಿ ಹುಟ್ಟಿದ ವೂ ಲಿಯೆನ್-ತೆ ಎಂಬ 31 ವರ್ಷದ ಡಾಕ್ಟರು. ಈ ಕಾಯಿಲೆ ಉಸಿರಿನಿಂದಲೂ ಹರಡುತ್ತಿದೆ ಎಂದು ಅವರು ಹೇಳಿ, ಹತ್ತಿ ಮತ್ತು ತೆಳು ಬಟ್ಟೆಯ ಪದರಗಳ ಮಾಸ್ಕ್ ಮಾಡಿಸಿದರು. ಮೆಸ್ನಿ ಎಂಬ ಹಿರಿಯ ಫ್ರೆಂಚ್ ಡಾಕ್ಟರು ಕಿರಿಯನ ಮಾತು ಕೇಳಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಲು ಹೋದರು. ಕೆಲವೇ ದಿನಗಳಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಕಿರಿಯರ ಮಾತನ್ನು ಕೇಳುವ ಅಭ್ಯಾಸ ನಮ್ಮಂಥ ಹಿರಿಯರಿಗೂ ಇರಬೇಕು, ಏನಂತೀರಿ?

ನಮ್ಮ ಊರಿನ ಮಾತಿಗೆ ಬರೋಣ. 2025ರ ಜನವರಿಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ತಿಂಗಳ ಒಂದು ಕೂಸಿಗೂ ಎಂಟು ತಿಂಗಳ ಇನ್ನೊಂದಕ್ಕೂ ಎಚ್‌ಎಂಪಿವಿ ಎಂಬ ವೈರಸ್ ಇರುವುದು ತಿಳಿದಾಗ ನೆನಪಿದೆಯೇ? ನಮ್ಮ ಪಾರ್ಕಿನ ಕಲ್ಲುಬೆಂಚಿನಲ್ಲಿ ಬೇರೆ ಮಾತೇ ಇರಲಿಲ್ಲ. ಅದು ಹೊಸ ವೈರಸ್ಸೇನಲ್ಲ, 2001ರಲ್ಲೇ ನೆದರ್ಲೆಂಡ್ಸಿನಲ್ಲಿ ಗುರುತಿಸಿದ್ದು. ಆರೋಗ್ಯವಂತ ದೊಡ್ಡವರಿಗೆ ಬಂದರೆ ಸಾಮಾನ್ಯವಾಗಿ ನೆಗಡಿಯಂತೆ ಬಂದು ಹೋಗುತ್ತದೆ. ಎಳೆಯರಿಗೂ ವಯಸ್ಸಾದವರಿಗೂ ಹೆಚ್ಚು ಕಾಟ. ಅದೇ ವರ್ಷ ಮೇ ಕೊನೆಯಲ್ಲಿ ಕೋವಿಡ್ ಮತ್ತೆ ಸ್ವಲ್ಪ ಏರಿದಾಗ, ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ನಮ್ಮ ಸರ್ಕಾರ ಸುತ್ತೋಲೆ ಹೊರಡಿಸಿತು. ಶಾಲೆಗೇ ಬೇಡವೆಂದ ಮೇಲೆ ಆಸ್ಪತ್ರೆಗೆ ಬೇಕೇ?

ಸರಿ, ಈಗ ಮಾಸ್ಕ್ ಪಾಠ. ಅಂಗಡಿಯಲ್ಲಿ ಸಿಗುವ ಮೂರು ಪದರದ ಮಾಸ್ಕಿನ ಬಣ್ಣದ ಬದಿ ಹೊರಗೆ, ತಂತಿ ಇರುವ ಅಂಚು ಮೇಲೆ. ತಂತಿಯನ್ನು ಮೂಗಿನ ಮೇಲೆ ಒತ್ತಬೇಕು, ಕೆಳ ಅಂಚು ಗಲ್ಲ ದಾಟಬೇಕು. ಎನ್95 ಮಾಸ್ಕ್ ಸರಿಯಾಗಿ ಕೂತರೆ ಅತಿ ಸಣ್ಣ ಕಣಗಳಲ್ಲೂ ಶೇ. 95ರಷ್ಟನ್ನಾದರೂ ತಡೆಯುತ್ತದೆ. ಉಸಿರು ಬಿಡಲು ಬಿರಡೆಯಂಥ ವಾಲ್ವ್ ಇರುವ ಮಾಸ್ಕ್ ಆಸ್ಪತ್ರೆಗೆ ಬೇಡ; ನಮ್ಮ ಉಸಿರು ಸೋಸದೆ ಹೊರಗೆ ಹೋಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಕಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲೇ ಹೇಳಿದೆ. ಆ ಪುಟಾಣಿಗಳು ಮನೆಯಲ್ಲೇ ಇರುವುದು ಒಳ್ಳೆಯದು.

ಒಂದು ಸಣ್ಣ ಪ್ರಯೋಗ ಮಾಡಿ. ತಾತನ ಕನ್ನಡಕ ಹಾಕಿಸಿ, ಮಾಸ್ಕ್ ಹಾಕಿಸಿ, ಜೋರಾಗಿ ಉಸಿರು ಬಿಡಲು ಹೇಳಿ. ಗಾಜು ಮಂಜಾದರೆ ಮೇಲೆ ಸಂದು ಉಳಿದಿದೆ ಎಂದರ್ಥ. ತಂತಿ ಒತ್ತಿ ಸರಿಮಾಡಿ, ಮತ್ತೆ ನೋಡಿ.

ತಾತ-ಅಜ್ಜಿಯರಿಗೆ ಒಂದು ಗುಟ್ಟಿನ ಮಾತು. ಮಾತಾಡುವಾಗ ನಾವು ಮಾಸ್ಕನ್ನು ಗಲ್ಲಕ್ಕೆ ಇಳಿಸುತ್ತೇವೆ. ನಮ್ಮ ಕಿವಿ ಮಂದ, ಎದುರಿನವರಿಗೂ ಕೇಳಿಸದೇನೋ ಎಂಬ ಅನುಮಾನ. ಇಳಿಸಬೇಡಿ, ಇನ್ನೊಮ್ಮೆ ನಿಧಾನವಾಗಿ ಹೇಳಿ. ಮಂಚದ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಳ್ಳಿ. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬಂದಮೇಲೆ ಒಮ್ಮೆ ಕೈ ತೊಳೆಯಿರಿ. ಹತ್ತು ನಿಮಿಷ ಸಾಕು. ಮೈ ಸರಿಯಿಲ್ಲದಿದ್ದರೆ ಫೋನ್ ಮಾಡಿ. ‘ಬಂದು ನೋಡಲಿಲ್ಲ’ ಎಂದು ಮುನಿಸಿಕೊಳ್ಳುವ ಹಕ್ಕನ್ನೂ ನಾವು ಹಿರಿಯರೇ ಮೊದಲು ಬಿಡಬೇಕು. ಅದು ಎಲ್ಲಕ್ಕಿಂತ ಕಷ್ಟದ್ದು, ಒಪ್ಪುತ್ತೇನೆ.

ಆ ಸಂಜೆ ಏನಾಯಿತು ಎನ್ನುತ್ತೀರಾ? ಪುಟ್ಟಿಯೊಡನೆ ಇಡೀ ದಿನ ಇದ್ದವನು ನಾನೇ, ಹಾಗಾಗಿ ನಾನೂ ಒಳಗೆ ಹೋಗಲಿಲ್ಲ. ನನ್ನಾಕೆ ಹಿಂದಿನ ರಾತ್ರಿಯಷ್ಟೇ ಮಗನ ಮನೆಯಿಂದ ಬಂದಿದ್ದಳು. ಮಾಸ್ಕ್ ಕಟ್ಟಿಕೊಂಡು, ಕೈ ತೊಳೆದು, ಪಾಸು ಹಿಡಿದು ಹೋದಳು. ಪಕ್ಕದ ಮನೆಯವರು ಮೂಸಂಬಿ ಚೀಲ ಅವಳ ಕೈಗಿತ್ತರು. ಪುಟ್ಟಿಗೆ ಅಳು. ನನ್ನ ಜೇಬಿನ ಪೆನ್ನು, ಔಷಧಿ ಅಂಗಡಿಯ ಬಿಲ್ಲಿನ ಹಿಂಬದಿ ಕೊಟ್ಟೆ. ‘ಬರೆದು ಫೋಟೋ ಹೊಡೆದು ಕಳಿಸೋಣ’ ಎಂದೆ. ಮೆಟ್ಟಿಲ ಮೇಲೆ ಕೂತು ಬರೆದಳು: ‘ಬನಶಂಕರಿ ಅಜ್ಜಿ, ನನಗೆ ನೆಗಡಿ, ಅದಕ್ಕೇ ಬರಲಿಲ್ಲ. ಬೇಗ ನಡೆಯಿರಿ.’ ಪಕ್ಕದಲ್ಲಿ ಕೋಲು ಹಿಡಿದ ಅಜ್ಜಿಯ ಚಿತ್ರ. ಸೆಕ್ಯೂರಿಟಿ ಹುಡುಗ ಬಗ್ಗಿ ನೋಡಿ ನಕ್ಕ. ನಾನು ಅವನಿಗೆ ‘ತಪ್ಪು ತಿಳೀಬೇಡಪ್ಪ’ ಎಂದೆ. ‘ಪರವಾಗಿಲ್ಲ ಬಿಡಿ ಸಾರ್, ದಿನಾ ಇದ್ದದ್ದೇ’ ಎಂದ.

ತಂಗಿ ಹನ್ನೊಂದನೇ ದಿನ ಮನೆಗೆ ಬಂದಳು. ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಹೋದೆ. ಯಾವಾಗಲೂ ಓಡಿಹೋಗಿ ತೊಡೆಯೇರುವವಳು ಬಾಗಿಲಲ್ಲೇ ನಿಂತಳು.

‘ಅಜ್ಜೀ, ನೆಗಡಿ ಹೋಗಿ ಒಂದು ವಾರ ಆಯ್ತು. ಕೈ ತೊಳ್ಕೊಂಡು ಒಳಗೆ ಬರಲಾ?’