ಗೂಡು ಬಂಧನವೋ, ಪ್ರಸಾದವೋ?

ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿಗಳಲ್ಲಿ ಮಗುವಿನ ತೊಟ್ಟಿಲೂ ರೇಷ್ಮೆಹುಳುವಿನ ತಟ್ಟೆಯೂ ಒಂದೇ ಸೂರಿನಡಿ ಇದ್ದ ಕಾಲ ಬಹಳ ಹಿಂದಿನದೇನಲ್ಲ. ಪ್ರತ್ಯೇಕ ಹುಳುಮನೆ ಕಟ್ಟಿಕೊಳ್ಳುವ ಅನುಕೂಲ ಎಲ್ಲರಿಗೂ ಇರದಿದ್ದ ದಿನಗಳಲ್ಲಿ ನಡುಮನೆಯೇ ಹುಳುಮನೆಯಾಗುತ್ತಿತ್ತು; ಮನೆಮಂದಿ ಮೂಲೆಗೆ ಸರಿದು ಮಲಗುತ್ತಿದ್ದರು. ನಾಲ್ಕನೆಯ ಜ್ವರ ಎದ್ದ ಹುಳುಗಳು ರಾತ್ರಿಯೆಲ್ಲ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಎಲೆಗಳ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಆ ಸದ್ದಿನಲ್ಲಿಯೇ ಕೂಸುಗಳು ನಿದ್ರೆ ಹೋಗುತ್ತಿದ್ದವು. ತಾಯಿ ಒಮ್ಮೆ ಕೂಸಿಗೆ ಹಾಲೂಡಿಸಲು ಏಳುವಳು, ಒಮ್ಮೆ ಹುಳುವಿಗೆ ಸೊಪ್ಪು ಹಾಕಲು ಏಳುವಳು. ಎರಡೂ ಸಾಕುವ ಕೆಲಸವೇ.

ಈ ಸೀಮೆಯ ಭಕ್ತರಿಗೆ ಅಕ್ಕಮಹಾದೇವಿಯ ಒಂದು ವಚನ ಬೇರೆಲ್ಲರಿಗಿಂತ ಹತ್ತಿರದ್ದು. ರೇಷ್ಮೆಯ ಹುಳುವನ್ನು ತೆರಣಿಯ ಹುಳು ಎಂದು ಕರೆದು, ಅದು ಅಕ್ಕರೆಯಿಂದ ಮನೆ ಕಟ್ಟಿ ಕಡೆಗೆ ತಾನು ನೂತ ಎಳೆಯಲ್ಲಿಯೇ ಸಿಕ್ಕಿ ಸಾಯುವುದನ್ನು ಅಕ್ಕ ಅಲ್ಲಿ ದೃಷ್ಟಾಂತವಾಗಿ ತಂದಿದ್ದಾಳೆ. ಗೂಡು ಕಟ್ಟುವುದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾದವರಿಗೆ ಇದೊಂದು ಉಪಮೆ. ಚಂದ್ರಿಕೆಯ ಮೇಲೆ ಹಣ್ಣು ಹುಳುವನ್ನು ಕೈಯಾರೆ ಬಿಟ್ಟವರಿಗೆ ಇದು ನಿತ್ಯ ಕಂಡ ಸತ್ಯ.

ಹೀಗಿರುವುದರಿಂದಲೇ ಎಳೆಯ ಮಕ್ಕಳ ತಂದೆತಾಯಂದಿರ ಮನಸ್ಸಿನಲ್ಲಿ ಒಂದು ಕಳವಳ ಹುಟ್ಟುತ್ತದೆ. ಸಂಸಾರವು ಸಾಯಿಸುವ ಗೂಡಾದರೆ, ಮಗು ಮೊದಲ ಬಾರಿ ನಕ್ಕಾಗ ಎದೆ ತುಂಬಿ ಬಂದದ್ದು ಮಾಯೆಯೇ? ಬೆಳಗ್ಗೆ ಪೂಜೆಗೆ ಕುಳಿತಾಗ ಬೆನ್ನೇರಿದ ಕಂದನ ಭಾರ ಹಿತವೆನಿಸಿದ್ದು ಭಕ್ತಿಗೆ ಬಂದ ಭಂಗವೇ? ಹೌದು, ಇದೆಲ್ಲ ಮೋಹ ಎಂದು ಹೇಳಿ ಮುಗಿಸುವ ಪ್ರವಚನಕಾರರಿಗೆ ಕೊರತೆಯಿಲ್ಲ. ಆದರೆ ಆ ಉತ್ತರವು ಅಕ್ಕನ ವಚನಕ್ಕೂ ನ್ಯಾಯವಲ್ಲ, ಶರಣರ ಬಾಳಿಗೂ ನ್ಯಾಯವಲ್ಲ.

ಮೊದಲನೆಯದಾಗಿ, ಅಕ್ಕನ ದೃಷ್ಟಾಂತದಲ್ಲಿ ಹುಳುವನ್ನು ಕೊಲ್ಲುವುದು ಮನೆಯಲ್ಲ, ತನ್ನಿಂದ ಹೊರಟು ತನ್ನನ್ನೇ ಸುತ್ತಿದ ಎಳೆ. ಅಲ್ಲಿ ಅಕ್ಕ ದೂರುತ್ತಿರುವುದು ಮನಸ್ಸಿನ ದುರಾಸೆಯನ್ನು. ಮಗುವನ್ನಲ್ಲ, ಒಲೆಯನ್ನಲ್ಲ, ತೊಟ್ಟಿಲನ್ನಲ್ಲ. ಎರಡನೆಯದಾಗಿ, ಮನೆಯನ್ನು ತೊರೆದು ನಡೆದ ಅಕ್ಕನನ್ನು ತಲೆಬಾಗಿ ಬರಮಾಡಿಕೊಂಡ ಅನುಭವ ಮಂಟಪದಲ್ಲಿ ಇದ್ದವರಲ್ಲಿ ಬಹುಮಂದಿ ಗೃಹಸ್ಥರು. ಬಸವಣ್ಣನವರು ಸಂಸಾರಿಗಳು. ಅವರ ಸೋದರಳಿಯನಾದ ಚೆನ್ನಬಸವಣ್ಣನವರು ಅಕ್ಕನಾಗಮ್ಮನ ಮಗನಾಗಿ, ಶರಣರ ಮನೆಯ ಮಡಿಲಲ್ಲಿ ಬೆಳೆದೇ ಚಿನ್ಮಯ ಜ್ಞಾನಿಯೆನಿಸಿದರು. ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತು, ಮಡದಿ ದುಗ್ಗಳೆಯೊಡನೆ ಬಾಳಿ, ಗಂಡಹೆಂಡಿರು ಕೂಡಿ ನಡೆಸುವ ಭಕ್ತಿಯ ಹಿರಿಮೆಯನ್ನು ಸಾರಿದನು. ಹೀಗಿರುವಾಗ ಮನೆಯೇ ಪಾಪದ ಗೂಡೆಂದು ಹೇಳುವುದು ಶರಣಧರ್ಮವಾಗಲಾರದು.

ಹಾಗಾದರೆ ಎಳೆ ಸುತ್ತಿಕೊಳ್ಳುವುದು ಎಲ್ಲಿ? ‘ನನ್ನದು’ ಎಂಬಲ್ಲಿ. ಮಗುವನ್ನು ನನ್ನ ಕೀರ್ತಿ, ನನ್ನ ಮುಪ್ಪಿನ ಆಸರೆ, ನನ್ನಿಂದ ಆಗದ ಆಸೆಗಳನ್ನು ತೀರಿಸಲು ಹುಟ್ಟಿದ ಜೀವ ಎಂದು ಎಣಿಸಿದ ಕ್ಷಣದಿಂದ ಎಳೆ ಸುತ್ತತೊಡಗುತ್ತದೆ. ಕೃತಜ್ಞತೆಯ ಕೆಲಸವೆಂದರೆ ಆ ‘ನನ್ನದು’ ಎಂಬ ಮಾತನ್ನು ‘ನಿನ್ನದು’ ಎಂದು ತಿದ್ದುವುದು. ಪ್ರಸಾದವನ್ನು ಭಕ್ತನು ಎರಡೂ ಕೈ ಚಾಚಿ ಪಡೆಯುತ್ತಾನೆ. ಹಕ್ಕಿನಿಂದ ಕೇಳುವುದಿಲ್ಲ, ಬಚ್ಚಿಡುವುದಿಲ್ಲ, ಕೆಳಗೆ ಚೆಲ್ಲುವುದೂ ಇಲ್ಲ. ಮಗುವನ್ನು ಹಾಗೆ ಪಡೆದವರಿಗೆ ಮನೆಯು ಬಂಧನವಾಗುವುದಿಲ್ಲ.

ಇದನ್ನು ತಿಳಿಯಲು ರೇಷ್ಮೆಯ ಕಾಯಕವೇ ದಾರಿ ತೋರುತ್ತದೆ. ಗೂಡುಗಳಲ್ಲಿ ಎರಡು ಬಗೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾಗಿ ನೂಲು ಬಿಚ್ಚಾಣಿಕೆಗೆ ಹೋಗುವ ಗೂಡು ಒಂದು. ಅದರ ಬೆಲೆಯೆಲ್ಲ ಎಳೆಯಲ್ಲಿದೆ. ಎಳೆ ತುಂಡಾಗದೆ ನೂರಾರು ಮೀಟರು ಬಿಚ್ಚಿಕೊಳ್ಳಬೇಕು. ಅದಕ್ಕಾಗಿ ಒಳಗಿನ ಜೀವವು ಹೊರಬರುವ ಮೊದಲೇ ಬಿಸಿಯಲ್ಲಿ ಮುಗಿಯಬೇಕು. ಇನ್ನೊಂದು, ಬಿತ್ತನೆ ಕೋಠಿಗೆ ಹೋಗುವ ಬಿತ್ತನೆ ಗೂಡು. ಅದನ್ನು ಯಾರೂ ಬೇಯಿಸುವುದಿಲ್ಲ. ದಿನ ತುಂಬಿದಾಗ ಚಿಟ್ಟೆಯು ಗೂಡಿನ ತುದಿಯನ್ನು ತೇವಗೊಳಿಸಿ, ಎಳೆಗಳನ್ನು ಸರಿಸಿಕೊಂಡು ಹೊರಗೆ ಬರುತ್ತದೆ. ನೂಲು ತೆಗೆಯುವವನ ಕಣ್ಣಿಗೆ ತೂತುಬಿದ್ದ ಆ ಗೂಡು ಕೆಟ್ಟುಹೋದದ್ದು. ಬಿತ್ತನೆಯವನ ಕಣ್ಣಿಗೆ ಅದು ಸಾರ್ಥಕವಾದದ್ದು. ಏಕೆಂದರೆ ಆ ಚಿಟ್ಟೆಯು ಇಡುವ ನೂರಾರು ಮೊಟ್ಟೆಗಳಲ್ಲಿ ಮುಂದಿನ ಬೆಳೆ ಇದೆ.

ಎಳೆ ಒಂದೇ, ಹುಳು ಒಂದೇ. ಗೂಡು ಯಾತಕ್ಕೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ತಂದೆತಾಯಂದಿರು ಕಟ್ಟುವ ಗೂಡೂ ಹೀಗೆಯೇ. ಮಗುವಿನಿಂದ ಎಷ್ಟು ಎಳೆ ಬಿಚ್ಚಬಹುದು ಎಂದು ಲೆಕ್ಕ ಹಾಕುವ ಮನೆಯು ಒಂದು ಬಗೆ; ಅಲ್ಲಿ ಅಂಕ, ಬಹುಮಾನ, ನೆರೆಮನೆಯ ಮಗುವಿನೊಡನೆ ಹೋಲಿಕೆ ಇವೇ ನಿತ್ಯದ ಮಾತು. ಒಂದು ದಿನ ಈ ಮಗು ಗೂಡನ್ನು ತೂತುಮಾಡಿ ಹೊರಗೆ ಹೋಗುವುದು, ಹೋಗಬೇಕು ಎಂದು ತಿಳಿದು ಬೆಚ್ಚಗಿಡುವ ಮನೆಯು ಇನ್ನೊಂದು ಬಗೆ. ಕೃತಜ್ಞತೆಯು ನೆಲೆಸುವುದು ಎರಡನೆಯ ಮನೆಯಲ್ಲಿ. ಲಾಭದ ಲೆಕ್ಕ ಇಟ್ಟವನಿಗೆ ಎಷ್ಟು ಬಂದರೂ ಬಾಕಿಯೇ ಕಾಣುತ್ತದೆ. ಪ್ರಸಾದವೆಂದು ಪಡೆದವನಿಗೆ ಇಂದು ಬಂದದ್ದೇ ತುಂಬಿದ ತಟ್ಟೆ.

ರೇಷ್ಮೆ ಸಾಕುವವರು ತಾಳ್ಮೆಯ ಇನ್ನೊಂದು ಪಾಠವನ್ನೂ ಬಲ್ಲರು. ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಹುಳುವು 4 ಬಾರಿ ಪೊರೆ ಕಳಚುತ್ತದೆ. ಇದನ್ನೇ ರೈತರು ಜ್ವರವೆಂದು ಕರೆಯುವುದು. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಎಬ್ಬಿಸುವುದಿಲ್ಲ. ಎಲ್ಲ ಹುಳುಗಳೂ ಏಳುವವರೆಗೆ ಕಾಯುವುದೇ ಆ ಹೊತ್ತಿನ ಕಾಯಕ. ಆತುರಪಟ್ಟು ಮೊದಲೇ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ. ಹುಳುವಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ಮನೆಯಲ್ಲಿಯೇ, ಮೂರು ವರ್ಷದ ಕೂಸು ಇನ್ನೂ ಅಕ್ಷರ ತಿದ್ದುತ್ತಿಲ್ಲವೆಂದು ಗದರುವುದುಂಟು! ನಡೆಯಲು ತಡಮಾಡಿದ ಮಗು, ಮನೆಯ ತೆಲುಗಿಗೂ ಶಾಲೆಯ ಕನ್ನಡಕ್ಕೂ ನಡುವೆ ತಡವರಿಸುವ ಮಗು, ಯಾರೊಡನೆಯೂ ಸೇರದೆ ಕೆಲಕಾಲ ಸುಮ್ಮನಿರುವ ಮಗು, ಇವೆಲ್ಲ ಪೊರೆ ಕಳಚುವ ಹೊತ್ತಿನಲ್ಲಿ ಇರಬಹುದು. ನಿಜವಾದ ಕಾಯಿಲೆಯಾದರೆ ವೈದ್ಯರಲ್ಲಿಗೆ ಹೋಗಲೇಬೇಕು; ಸುಣ್ಣಕಟ್ಟು ರೋಗಕ್ಕೂ ಜ್ವರಕ್ಕೂ ಇರುವ ಭೇದವನ್ನು ಒಳ್ಳೆಯ ಸಾಕಾಣಿಕೆದಾರನು ಬಲ್ಲನು. ಉಳಿದದ್ದಕ್ಕೆ ಬೇಕಾದದ್ದು ನಂಬಿ ಕಾಯುವ ಮನಸ್ಸು. ಮಗುವು ಇಂದು ಇರುವಂತೆಯೇ ಅದಕ್ಕಾಗಿ ಕೈಮುಗಿಯುವುದು ಕೃತಜ್ಞತೆಯ ಮೊದಲ ಮೆಟ್ಟಿಲು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವಂತಿಲ್ಲ. ಕೃತಜ್ಞತೆಯ ಮಾತು ಸುಖಿಗಳಿಗೆ ಸುಲಭ. ನಸುಕಿನಲ್ಲಿ ಎದ್ದು ಸೊಪ್ಪು ಕೊಯ್ದು, ಮುದ್ದೆ ತಿರುವಿ, ಅಳುವ ಕೂಸನ್ನು ಸೊಂಟದಲ್ಲಿರಿಸಿಕೊಂಡೇ ಮನೆ ಸಾರಿಸಿ, ರಾತ್ರಿ ಮೂರು ಬಾರಿ ಎದ್ದ ತಾಯಿಗೆ ‘ಶಿವನು ಕೊಟ್ಟದ್ದಕ್ಕೆ ತೃಪ್ತಳಾಗಿರಮ್ಮ’ ಎಂದು ಉಪದೇಶಿಸುವುದು ಅವಳ ಹೊರೆಯ ಮೇಲೆ ಇನ್ನೊಂದು ಹೊರೆ. ಈ ಆಕ್ಷೇಪವು ಸತ್ಯವಾದದ್ದು. ಹೆಂಗಸಿನ ದಣಿವನ್ನು ಮುಚ್ಚಲು ಹೊದಿಸುವ ಬಟ್ಟೆಯಾಗಿ ಕೃತಜ್ಞತೆಯನ್ನು ಬಳಸಿದರೆ ಅದು ಭಕ್ತಿಯಲ್ಲ, ವಂಚನೆ.

ಶರಣರಲ್ಲಿ ಇದಕ್ಕೆ ಉತ್ತರವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟನ್ನು ಇರಿಸಿಕೊಂಡು ಮಿಕ್ಕದ್ದನ್ನು ಎಲ್ಲಿಂದ ತಂದಿದ್ದನೋ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಇದನ್ನು ಸಾಮಾನ್ಯವಾಗಿ ಅತಿಯಾಸೆಯನ್ನು ಖಂಡಿಸುವ ಪಾಠವಾಗಿ ಹೇಳುತ್ತಾರೆ. ಅದರೊಳಗೆ ಇನ್ನೊಂದು ಮಾತಿದೆ: ಆ ಮನೆಯಲ್ಲಿ ಹೆಂಡತಿಯ ಮಾತಿಗೆ ತೂಕವಿತ್ತು, ಗಂಡನು ಕೇಳಿದನು, ಎದ್ದು ನಡೆದನು. ‘ಇಂದಿಗೆ ಇಷ್ಟು ಸಾಕು’ ಎಂಬ ತೃಪ್ತಿಯು ಒಬ್ಬರು ಇನ್ನೊಬ್ಬರ ಮೇಲೆ ಹೇರಿದ್ದಲ್ಲ. ಇಬ್ಬರೂ ಕೂಡಿ ದುಡಿದು, ಕೂಡಿ ನಿರ್ಣಯಿಸಿ ತಲುಪಿದ್ದು. ಆದ್ದರಿಂದ ಗಂಡಸು ಮಡದಿಯ ಉಪಕಾರವನ್ನು ನೆನೆಯುವ ರೀತಿ ಬಾಯಿಮಾತಿನ ಹೊಗಳಿಕೆಯಲ್ಲ. ನಡುರಾತ್ರಿ ಮಗು ಅತ್ತಾಗ ತಾನು ಏಳುವುದು, ಒದ್ದೆಬಟ್ಟೆಯನ್ನು ತಾನು ಬದಲಿಸುವುದು, ಅವಳು ಒಂದು ಹೊತ್ತು ನಿಶ್ಚಿಂತೆಯಿಂದ ಮಲಗುವಂತೆ ಮಾಡುವುದು, ಇವು ಕೃತಜ್ಞತೆಯ ಕಾಯಕರೂಪ. ಕಾಯಕಕ್ಕೆ ಇಳಿಯದ ಕೃತಜ್ಞತೆಯು ಬಿತ್ತದೆ ಉಳಿದ ಬೀಜ.

ಕಷ್ಟವು ಮುಗಿದ ಮೇಲೆಯೇ ಕೃತಜ್ಞತೆ ಎಂಬ ಎಣಿಕೆಯೂ ತಪ್ಪು. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದು ಈ ಸೀಮೆಯ ಜನ ನಂಬುತ್ತಾರೆ. ಅಲ್ಲಿನ ಭೀಮಲಿಂಗೇಶ್ವರನ ಗುಡಿಯು ಆ ನಂಬಿಕೆಗೆ ಸಾಕ್ಷಿಯಾಗಿ ನಿಂತಿದೆ. ಬಕಾಸುರನಿಗೆ ಆಹಾರವಾಗಿ ಹೋಗುವ ಸರದಿ ಬಂದ ಮನೆಯಲ್ಲಿ ತಂದೆ ತಾನು ಹೋಗುವೆನೆಂದನು, ತಾಯಿ ತಾನೆಂದಳು, ಮಗಳು ತಾನೆಂದಳು, ಎಲ್ಲರೂ ಅಳುತ್ತಿದ್ದರು. ಆಗ ಆ ಮನೆಯ ಎಳೆಯ ಮಗನೊಬ್ಬನು ಹುಲ್ಲುಕಡ್ಡಿಯೊಂದನ್ನು ಹಿಡಿದು ಬಂದು, ಇದರಿಂದ ರಕ್ಕಸನನ್ನು ಕೊಲ್ಲುವೆನೆಂದು ತೊದಲಿದನು. ಸಾವು ಬಾಗಿಲಲ್ಲಿ ನಿಂತಿದ್ದ ಆ ಹೊತ್ತಿನಲ್ಲಿಯೂ ಅಳುತ್ತಿದ್ದವರ ಮುಖದಲ್ಲಿ ಸಂತಸ ಮೂಡಿತು. ಭೀಮನು ಹೊರಟದ್ದು ಆಮೇಲೆ. ಮಗುವಿನ ಹುಲ್ಲುಕಡ್ಡಿಯು ರಕ್ಕಸನನ್ನು ಕೊಲ್ಲಲಿಲ್ಲ, ನಿಜ. ಆದರೆ ಆ ಮನೆಯವರು ಭಯದಲ್ಲಿ ಮುಳುಗಿಹೋಗದಂತೆ ಒಂದು ಗಳಿಗೆ ಎತ್ತಿ ಹಿಡಿಯಿತು. ಕೊಳವೆಬಾವಿ ಬತ್ತಿದ ವರ್ಷ, ಟೊಮೆಟೊ ಬೆಲೆ ನೆಲಕಚ್ಚಿದ ವಾರ, ಸಾಲದವನು ಬಂದುಹೋದ ಸಂಜೆ, ಇಂಥ ಹೊತ್ತುಗಳಲ್ಲಿ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದು ಕೂಸು ಅದೇ ಕೆಲಸವನ್ನು ಮಾಡುತ್ತದೆ. ಅದನ್ನು ಗಮನಿಸುವ ಕಣ್ಣು ಬೇಕು.

ಎಳೆಯ ಮಕ್ಕಳ ಮನೆಯು ತನ್ನ ಬಲದಿಂದಲೇ ನಡೆಯುವುದೂ ಇಲ್ಲ. ಬಾಣಂತಿಗೆ ಎಣ್ಣೆನೀರು ಹಾಕಿದ ಅಜ್ಜಿ, ಸೊಪ್ಪಿಗೆ ಹೋದಾಗ ಮಗುವನ್ನು ನೋಡಿಕೊಂಡ ನೆರೆಮನೆಯಾಕೆ, ಚುಚ್ಚುಮದ್ದಿನ ದಿನವನ್ನು ನೆನಪಿಸಿದ ಆಶಾ ಕಾರ್ಯಕರ್ತೆ, 1975ರಲ್ಲಿ ದೇಶದಲ್ಲಿ ಆರಂಭವಾದ ಯೋಜನೆಯಿಂದ ಊರೂರಿಗೆ ಬಂದ ಅಂಗನವಾಡಿ, ಇವರೆಲ್ಲರ ಋಣ ಪ್ರತಿ ಮಗುವಿನ ಮೇಲಿದೆ. 2002ರಲ್ಲಿ ಆರಂಭವಾದ ಶಾಲೆಯ ಬಿಸಿಯೂಟಕ್ಕೆ ನಾಡು ಇಟ್ಟ ಹೆಸರೇ ಅಕ್ಷರ ದಾಸೋಹ. ಶರಣರ ಮಾತೊಂದು ಮಕ್ಕಳ ತಟ್ಟೆಯವರೆಗೆ ಹರಿದು ಬಂದಿದೆ. ಪಡೆದದ್ದನ್ನು ಹಂಚಿ ಉಣ್ಣುವುದೇ ದಾಸೋಹವಾದ್ದರಿಂದ, ತನ್ನ ಮಗುವಿಗಾಗಿ ಕೃತಜ್ಞನಾದವನು ಪಕ್ಕದ ಮನೆಯ ಹಸಿದ ಮಗುವನ್ನು ಕಾಣದಂತೆ ಇರಲಾರನು. ಮಕ್ಕಳಿಲ್ಲದವರ ಮುಂದೆ, ಮಗುವನ್ನು ಕಳೆದುಕೊಂಡವರ ಮುಂದೆ ತನ್ನ ಭಾಗ್ಯವನ್ನು ಮೆರೆಸಲಾರನು. ಮೆರೆಸಿದರೆ ಅದು ಮತ್ತೆ ‘ನನ್ನದು’ ಎಂಬ ಎಳೆಯೇ ಆಯಿತು.

ಇದಕ್ಕೆ ದೊಡ್ಡ ವ್ರತನೇಮಗಳು ಬೇಕಿಲ್ಲ. ಸಂಜೆ ಇಷ್ಟಲಿಂಗದ ಮುಂದೆ ಕುಳಿತಾಗ ಗಂಡಹೆಂಡಿರು ಆ ದಿನ ಮನೆಯೊಳಗೆ ಪಡೆದ ಒಂದೇ ಒಂದನ್ನು ನೆನೆದರೆ ಸಾಕು. ಮಗು ಎರಡು ತುತ್ತು ಹೆಚ್ಚಾಗಿ ಉಂಡಿತು, ಕೆಮ್ಮು ಇಳಿಯಿತು, ಬಿದ್ದರೂ ತಾನೇ ಎದ್ದಿತು, ಅತ್ತೆಯ ಕೈಬೆರಳು ಹಿಡಿದು ಬೀದಿಯ ತಿರುವಿನವರೆಗೆ ನಡೆಯಿತು. ಹಾಗೆಯೇ, ಆ ದಿನ ಒಬ್ಬರು ಇನ್ನೊಬ್ಬರಿಗಾಗಿ ಮಾಡಿದ ಒಂದು ಕೆಲಸವನ್ನು ಬಾಯಿಬಿಟ್ಟು ಹೇಳಲಿ. ಏನೂ ತೋಚದಷ್ಟು ದಣಿದ ದಿನ ಸುಮ್ಮನೆ ಕುಳಿತೆದ್ದರೂ ಶಿವನು ಮುನಿಯುವುದಿಲ್ಲ. ನಾಳೆಯೂ ದಿನವಿದೆ.

ಆಗ ಅಕ್ಕನ ತೆರಣಿಯ ಹುಳುವು ಭಯ ಹುಟ್ಟಿಸುವ ಮಾತಾಗಿ ಉಳಿಯದೆ ಎಚ್ಚರದ ಮಾತಾಗುತ್ತದೆ. ಎಳೆಯನ್ನು ನೂಲದೆ ಇರಲು ಗೃಹಸ್ಥನಿಂದ ಆಗದು. ಪ್ರೀತಿಯಿದ್ದಲ್ಲಿ ಎಳೆ ಹೊರಡಲೇಬೇಕು. ಅದು ಯಾರನ್ನು ಸುತ್ತುತ್ತಿದೆ ಎಂದು ದಿನಕ್ಕೊಮ್ಮೆ ನೋಡಿಕೊಳ್ಳುವುದು ಅವನ ಕೈಯಲ್ಲಿದೆ. ತನ್ನನ್ನು ಸುತ್ತಿದರೆ ಅದು ಸಾಯಿಸುವ ಗೂಡು. ಒಳಗಿನ ಕೂಸು ಒಂದು ದಿನ ರೆಕ್ಕೆ ಬಿಚ್ಚಿ ಹೊರಡುವವರೆಗೆ ಬೆಚ್ಚಗಿಟ್ಟರೆ ಅದು ಬಿತ್ತನೆಯ ಗೂಡು. ಕೂಸು ಹೊರಟ ದಿನ ತೂತುಬಿದ್ದ ಗೂಡನ್ನು ಕೈಯಲ್ಲಿ ಹಿಡಿದು, ಕೆಟ್ಟುಹೋಯಿತೆಂದು ಮರುಗದೆ, ನೀನು ಕೊಟ್ಟದ್ದು ನಿನಗೇ ಸಂದಿತೆಂದು ಶಿವನಿಗೆ ಹೇಳಬಲ್ಲ ತಂದೆತಾಯಿಗಳ ಬಾಳು ಧನ್ಯ.