ಮಾರುವರೋ, ಮಾರರೋ?

2010ರ ಮಾರ್ಚ್ 10ರ ರಾತ್ರಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಇಟಲಿಯ ಎ.ಸಿ. ಮಿಲಾನ್ ತಂಡವನ್ನು 4–0 ಗೋಲುಗಳಿಂದ ಬಗ್ಗುಬಡಿದಿತ್ತು. ಯುನೈಟೆಡ್ ತಂಡದ ಬಣ್ಣ ಕೆಂಪು ಎಂಬುದು ಫುಟ್‌ಬಾಲ್ ಗೊತ್ತಿಲ್ಲದವರಿಗೂ ಗೊತ್ತು. ಆದರೆ ಆ ರಾತ್ರಿ ಪ್ರೇಕ್ಷಕರ ಕೊರಳಲ್ಲಿ ಎಲ್ಲಿ ನೋಡಿದರೂ ಹಸಿರು ಮತ್ತು ಹೊಂಬಣ್ಣದ ಮಫ್ಲರ್‌ಗಳು. ಒಂದು ಕಾಲಕ್ಕೆ ಇದೇ ತಂಡದ ಕಣ್ಮಣಿಯಾಗಿದ್ದು, ಅಂದು ಎದುರಾಳಿಯಾಗಿ ಬಂದಿದ್ದ ಡೇವಿಡ್ ಬೆಕಮ್, ಯಾರೋ ಎಸೆದ ಅಂಥದೊಂದು ಮಫ್ಲರ್ ಎತ್ತಿಕೊಂಡು ಕೊರಳಿಗೆ ಹಾಕಿಕೊಂಡರು. ಅದೇ ದೊಡ್ಡ ಸುದ್ದಿಯಾಯಿತು.

ಕೆಂಪು ತಂಡದ ಅಭಿಮಾನಿಗಳಿಗೆ ಹಸಿರೇಕೆ? ಉತ್ತರ 1878ರಲ್ಲಿದೆ. ಆ ವರ್ಷ ನ್ಯೂಟನ್ ಹೀತ್ ಎಂಬಲ್ಲಿನ ರೈಲ್ವೆ ಬೋಗಿ ಕಾರ್ಖಾನೆಯ ನೌಕರರು ತಮ್ಮದೊಂದು ತಂಡ ಕಟ್ಟಿಕೊಂಡರು. ಅವರ ಅಂಗಿ ಹಸಿರು ಮತ್ತು ಹೊಂಬಣ್ಣದ್ದು. 1902ರ ಹೊತ್ತಿಗೆ ತಂಡ ಸಾಲದಲ್ಲಿ ಮುಳುಗಿ ಬಾಗಿಲು ಹಾಕುವ ಸ್ಥಿತಿಗೆ ಬಂತು. ಆಗ ಕೈಹಿಡಿದವರು ಬಿಯರ್ ಕಾರ್ಖಾನೆಯ ಮಾಲೀಕರಾದ ಜಾನ್ ಹೆನ್ರಿ ಡೇವಿಸ್. ತಂಡದ ನಾಯಕನ ಸಾಕುನಾಯಿ ತಪ್ಪಿಸಿಕೊಂಡು ಹೋಗಿ, ಅದರಿಂದ ಇಬ್ಬರಿಗೂ ಪರಿಚಯವಾಯಿತೆಂಬ ಕಥೆಯೊಂದಿದೆ. ನಾಯಿಯ ಮಾತು ಎಷ್ಟು ನಿಜವೋ, ಡೇವಿಸ್ ಮತ್ತು ಜೊತೆಗಾರರು ಸಾಲ ತೀರಿಸಿದ್ದಂತೂ ನಿಜ. ತಂಡಕ್ಕೆ ಹೊಸ ಹೆಸರು ಬಂತು, ಅಂಗಿ ಕೆಂಪಾಯಿತು. 1910ರಲ್ಲಿ ಓಲ್ಡ್ ಟ್ರಾಫರ್ಡ್ ಎದ್ದು ನಿಂತದ್ದೂ ಅವರ ಹಣದಿಂದಲೇ.

ಕ್ಲಬ್ಬಿನ ಸಾಲವನ್ನು ಮಾಲೀಕರು ತೀರಿಸಿದ ಕಾಲ ಅದು. ನೂರಮೂರು ವರ್ಷಗಳಾದ ಮೇಲೆ, ಮಾಲೀಕರ ಸಾಲವನ್ನು ಕ್ಲಬ್ಬು ಹೊರುವ ಕಾಲ ಬಂತು.

2005ರಲ್ಲಿ ಅಮೆರಿಕದ ಉದ್ಯಮಿ ಮಾಲ್ಕಮ್ ಗ್ಲೇಜರ್ ಸುಮಾರು 79 ಕೋಟಿ ಪೌಂಡಿಗೆ ಯುನೈಟೆಡ್ ಕ್ಲಬ್ಬನ್ನು ಕೊಂಡರು. ಅದರಲ್ಲಿ ದೊಡ್ಡ ಪಾಲು ಸಾಲದ ಹಣ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನು 'ಲಿವರೇಜ್ಡ್ ಬೈಔಟ್' ಎಂಬ ಹೆಸರಿನಲ್ಲಿ ಓದುತ್ತಾರೆ. ಮನೆಮಾತಿನಲ್ಲಿ ಹೇಳುವುದಾದರೆ, ಚೆನ್ನಾಗಿ ನಡೆಯುತ್ತಿರುವ ಹೋಟೆಲೊಂದನ್ನು ಕೊಳ್ಳಬೇಕೆಂದು ಒಬ್ಬರಿಗೆ ಆಸೆ. ಕೈಯಲ್ಲಿರುವುದು ಬೆಲೆಯ ಒಂದಂಶ ಮಾತ್ರ. ಉಳಿದದ್ದಕ್ಕೆ ಅದೇ ಹೋಟೆಲನ್ನು ಅಡವಿಟ್ಟು ಸಾಲ ತರುತ್ತಾರೆ. ಬಡ್ಡಿ ಕಟ್ಟುವುದು ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ. ಇಡ್ಲಿಯ ದರ ಏಕೆ ಏರಿತೆಂದು ಕೇಳುವ ಗಿರಾಕಿಗೆ ಈ ವ್ಯವಹಾರ ಕಾಣುವುದಿಲ್ಲ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇರಲಿಲ್ಲ ಎಂಬುದೇ ಅಭಿಮಾನಿಗಳನ್ನು ಹೆಚ್ಚು ಕೆರಳಿಸಿತು. ಅಲ್ಲಿಯವರೆಗೆ ಸಾಲವೆಂಬುದನ್ನೇ ಮರೆತಿದ್ದ ಕ್ಲಬ್ಬು ಕೋಟಿಗಟ್ಟಲೆ ಪೌಂಡು ಬಡ್ಡಿ ಕಟ್ಟಲು ಆರಂಭಿಸಿತು.

ಹಾಗೆ ನೋಡಿದರೆ, ಅಭಿಮಾನಿಗಳು ಅದುವರೆಗೆ ಬರೀ ನೋಡುಗರಾಗಿರಲಿಲ್ಲ. 1991ರಲ್ಲಿ ಕ್ಲಬ್ಬು ಲಂಡನ್ ಷೇರುಪೇಟೆಗೆ ಬಂದ ಮೇಲೆ ಸಾವಿರಾರು ಜನ ಬೆರಳೆಣಿಕೆಯ ಷೇರು ಕೊಂಡಿದ್ದರು, ಲಾಭದ ಆಸೆಗಿಂತ ಅಭಿಮಾನಕ್ಕಾಗಿ. 1998ರಲ್ಲಿ ರೂಪರ್ಟ್ ಮರ್ಡೋಕ್‌ರ ಹಿಡಿತದಲ್ಲಿದ್ದ ಬಿಸ್ಕೈಬಿ ಟಿ.ವಿ. ಸಂಸ್ಥೆ 62.3 ಕೋಟಿ ಪೌಂಡಿಗೆ ಕ್ಲಬ್ಬನ್ನು ಕೇಳಿದಾಗ ಈ ಸಣ್ಣ ಷೇರುದಾರರೇ ಸಂಘಟಿತರಾಗಿ ವಿರೋಧಿಸಿದ್ದರು. 1999ರಲ್ಲಿ ಬ್ರಿಟನ್ ಸರ್ಕಾರ ಆ ವ್ಯವಹಾರಕ್ಕೆ ತಡೆ ಹಾಕಿತು. 2005ರಲ್ಲಿ ಅದೃಷ್ಟ ಹಾಗಿರಲಿಲ್ಲ. ಒಬ್ಬರ ಕೈಗೆ ಬಹುತೇಕ ಎಲ್ಲ ಷೇರುಗಳೂ ಸೇರಿದಾಗ, ಉಳಿದವರು ಒಲ್ಲೆ ಎಂದರೂ ಅವರ ಷೇರನ್ನು ಕೊಳ್ಳಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಹಾಗೆಯೇ ಆಯಿತು. ಹಣ ಕೈಗೆ ಬಂತು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ಹೋಯಿತು. ಕೇಳಲು ಜಾಗವಿಲ್ಲದವರಿಗೆ ಉಳಿಯುವುದೇನು? ಊಹೆ.

ಅಂದಿನಿಂದ ಮ್ಯಾಂಚೆಸ್ಟರಿನಲ್ಲಿ ಒಂದೇ ಪ್ರಶ್ನೆ: ಮಾರುವರೋ, ಮಾರರೋ? 2012ರಲ್ಲಿ ಕ್ಲಬ್ಬು ನ್ಯೂಯಾರ್ಕ್ ಷೇರುಪೇಟೆ ಸೇರಿತು. ಜನರಿಗೆ ಮಾರಿದ ಷೇರಿಗೆ ಒಂದು ಮತ, ಕುಟುಂಬದ ಬಳಿಯಿರುವ ಷೇರಿಗೆ ಹತ್ತು ಮತ! 2014ರಲ್ಲಿ ಮಾಲ್ಕಮ್ ಗ್ಲೇಜರ್ ತೀರಿಕೊಂಡರು. ಆರು ಮಕ್ಕಳಲ್ಲಿ ಯಾರಿಗೆ ಮಾರುವ ಮನಸ್ಸು, ಯಾರಿಗೆ ಬೇಡ ಎಂಬುದು ಅಭಿಮಾನಿಗಳ ನಿತ್ಯದ ಮಾತಾಯಿತು. ಅವಿಭಕ್ತ ಕುಟುಂಬದ ಆಸ್ತಿ ಪಾಲಿನ ಮಾತು ಕೇಳಿ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಟುಂಬದವರು ಬಾಯಿ ಬಿಡುವುದು ಅಪರೂಪವಾದ್ದರಿಂದ ಷೇರಿನ ಬೆಲೆಯೇ ಪಂಚಾಂಗವಾಯಿತು. ಒಂದು ಡಾಲರ್ ಏರಿದರೂ ಅದಕ್ಕೊಂದು ಅರ್ಥ.

2021ರ ಏಪ್ರಿಲ್‌ನಲ್ಲಿ ಯುನೈಟೆಡ್ ಸೇರಿದಂತೆ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಘೋಷಿಸಿದಾಗ ಜನರ ಸಿಟ್ಟು ಕಟ್ಟೆಯೊಡೆಯಿತು. ಇಂಗ್ಲೆಂಡಿನ ಕ್ಲಬ್ಬುಗಳು ಎರಡೇ ದಿನದಲ್ಲಿ ಹಿಂದೆ ಸರಿದವು. ಆದರೂ ಮೇ 2ರಂದು ಅಭಿಮಾನಿಗಳು ಓಲ್ಡ್ ಟ್ರಾಫರ್ಡ್ ಒಳಗೆ ನುಗ್ಗಿದರು. ಲಿವರ್‌ಪೂಲ್ ವಿರುದ್ಧದ ಪಂದ್ಯವನ್ನೇ ಮುಂದೂಡಬೇಕಾಯಿತು.

ಕೊನೆಗೂ 2022ರ ನವೆಂಬರ್ 22ರಂದು ಕ್ಲಬ್ಬಿನ ಪ್ರಕಟಣೆ ಬಂತು. ಹೊಸ ಬಂಡವಾಳ, ಮಾರಾಟ ಅಥವಾ ಬೇರೆ ವ್ಯವಹಾರ, ಹೀಗೆ ಎಲ್ಲ ದಾರಿಗಳನ್ನೂ ಪರಿಶೀಲಿಸಲಾಗುವುದು ಎಂದು ಅದರಲ್ಲಿತ್ತು. ಜನ ಓದಿಕೊಂಡದ್ದು ನಡುವಿನ ಒಂದು ಪದ ಮಾತ್ರ. ಕತಾರಿನ ಶೇಖ್ ಜಾಸಿಮ್ ಬಂದರು. ಮ್ಯಾಂಚೆಸ್ಟರಿನ ಪಕ್ಕದ ಫೇಲ್ಸ್‌ವರ್ತ್‌ನಲ್ಲಿ ಹುಟ್ಟಿ, ಬಾಲ್ಯದಿಂದ ಯುನೈಟೆಡ್ ಅಭಿಮಾನಿಯಾಗಿ, ರಾಸಾಯನಿಕ ಉದ್ಯಮದಲ್ಲಿ ಕುಬೇರರಾದ ಜಿಮ್ ರಾಟ್‌ಕ್ಲಿಫ್ ಬಂದರು. ಇಂದು, ನಾಳೆ ಎನ್ನುತ್ತ ತಿಂಗಳುಗಳು ಉರುಳಿದವು. 2023ರ ಸೆಪ್ಟೆಂಬರ್ 5ರಂದು, ಮಾಲೀಕರು ಮಾರುವ ಯೋಚನೆ ಬಿಡಲಿದ್ದಾರೆಂಬ ಪತ್ರಿಕಾ ವರದಿಯ ಬೆನ್ನಿಗೆ, ಷೇರಿನ ಬೆಲೆ ಒಂದೇ ದಿನ ಸುಮಾರು ಶೇ 18ರಷ್ಟು ಕುಸಿಯಿತು. ಊಹಿಸುವ ಕಾಯಿಲೆ ಅಭಿಮಾನಿಗಳಿಗೆ ಮಾತ್ರ ಅಂಟಿದ್ದಲ್ಲ!

ಅಕ್ಟೋಬರ್‌ನಲ್ಲಿ ಶೇಖ್ ಹಿಂದೆ ಸರಿದರು. ಕ್ರಿಸ್‌ಮಸ್‌ನ ಮುನ್ನಾದಿನ ಉತ್ತರ ಸಿಕ್ಕಿತು: ಷೇರಿಗೆ 33 ಡಾಲರ್‌ನಂತೆ ಕಾಲುಭಾಗ ರಾಟ್‌ಕ್ಲಿಫ್‌ಗೆ, ಆಟದ ಆಡಳಿತವೂ ಅವರದೇ, ಆದರೆ ಹೆಚ್ಚಿನ ಮತಗಳು ಗ್ಲೇಜರ್ ಕುಟುಂಬದಲ್ಲೇ. ಪೂರ್ತಿ ಮಾರಿ ಎಂದು ಹದಿಮೂರು ತಿಂಗಳು ಕೂಗಿದವರಿಗೆ, ಪ್ರಕಟಣೆಯಲ್ಲಿ ಮೊದಲು ಇದ್ದ ಪದ 'ಹೊಸ ಬಂಡವಾಳ' ಎಂಬುದು ಆಗ ನೆನಪಾಗಿರಬೇಕು. (2025ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಒಡೆತನದ ಕಂಪೆನಿಯೂ ಷೇರುಪೇಟೆಗೆ ತಿಳಿಸಿದ್ದು 'ಪರಿಶೀಲನೆ'ಯ ಮಾತನ್ನೇ. ಇಂಥ ಪ್ರಕಟಣೆಗಳನ್ನು ಪದ ಬಿಡದೆ ಓದುವುದು ಒಳ್ಳೆಯ ಅಭ್ಯಾಸ.)

ನಮ್ಮೂರಿನವರು ಬಂದರೆಂಬ ಸಮಾಧಾನವೂ ಬಹಳ ದಿನ ಉಳಿಯಲಿಲ್ಲ. 2024ರಲ್ಲಿ ಸುಮಾರು 250 ನೌಕರಿಗಳಿಗೆ ಕತ್ತರಿ ಬಿತ್ತು. ಅದೇ ವರ್ಷದ ಕೊನೆಯಲ್ಲಿ, ಋತುವಿನ ನಡುವೆಯೇ, ಸದಸ್ಯರಿಗೆ ಉಳಿದಿದ್ದ ಟಿಕೆಟುಗಳ ದರ 66 ಪೌಂಡು ಎಂದಾಯಿತು. ಮಕ್ಕಳಿಗೂ ಇಲ್ಲ, ವಯಸ್ಸಾದವರಿಗೂ ಇಲ್ಲ ರಿಯಾಯಿತಿ. ತಂದೆಯೊಬ್ಬ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದರೆ ಟಿಕೆಟಿಗೇ 198 ಪೌಂಡು.

2005ರಲ್ಲೇ ಬೇಸತ್ತು ಹೊರಟವರೂ ಇದ್ದಾರೆ. ಅವರು ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಬೇರೆ ಕ್ಲಬ್ಬನ್ನೇ ಕಟ್ಟಿದರು. ಎಷ್ಟೇ ಹಣ ಹಾಕಿರಲಿ, ಸದಸ್ಯನೊಬ್ಬನಿಗೆ ಒಂದೇ ಮತ. ಹಳೆಯ ನ್ಯೂಟನ್ ಹೀತ್‌ಗೆ ಹತ್ತಿರದ ಮಾಸ್ಟನ್‌ನಲ್ಲಿ 2015ರಲ್ಲಿ ತಮ್ಮದೇ ಮೈದಾನವನ್ನೂ ಮಾಡಿಕೊಂಡರು. ಆಡುವುದು ದೇಶದ ಲೀಗುಗಳ ಬಹಳ ಕೆಳಗಿನ ಮೆಟ್ಟಿಲಲ್ಲಿ. ಹೋದವರು ಸರಿಯೋ, ಉಳಿದವರು ಸರಿಯೋ ಎಂಬ ಜಗಳಕ್ಕೆ ಕೆನ್ ಲೋಚ್ ಅವರ 2009ರ 'ಲುಕಿಂಗ್ ಫಾರ್ ಎರಿಕ್' ಚಿತ್ರದಲ್ಲೂ ಜಾಗ ಸಿಕ್ಕಿದೆ.

ಉಳಿದವರು 2025ರ ಮಾರ್ಚ್ 9ರಂದು, ಆರ್ಸೆನಲ್ ವಿರುದ್ಧದ ಪಂದ್ಯಕ್ಕೆ ಮೊದಲು, ಕಪ್ಪು ಬಟ್ಟೆ ತೊಟ್ಟು ಓಲ್ಡ್ ಟ್ರಾಫರ್ಡ್‌ಗೆ ಮೆರವಣಿಗೆ ಹೋದರು. ಬೇಡಿಕೆ ಹಳೆಯದೇ: ಮಾರಿ, ಹೊರಡಿ. ಆಟ ಆರಂಭವಾಗುವ ಹೊತ್ತಿಗೆ ಕ್ರೀಡಾಂಗಣ ಎಂದಿನಂತೆ ತುಂಬಿತ್ತು.