ಸೋತ ಕಾಲಿಗೆ ಹಾಸಿಗೆ ಮದ್ದಲ್ಲ

ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಥಾಫ್ 1890ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿದ್ದವರು ದೇಹಕ್ಕೆ ಶ್ರಮ ಕೊಟ್ಟಾಗ ಅವರ ಕಣ್ಣು ಮಂಜಾಗುತ್ತಿತ್ತು. ಸುಧಾರಿಸಿಕೊಂಡ ಮೇಲೆ ದೃಷ್ಟಿ ಮೊದಲಿನಂತಾಗುತ್ತಿತ್ತು. ಶ್ರಮವೇ ಇದಕ್ಕೆ ಕಾರಣವೆಂದು ಉಥಾಫ್ ಬಗೆದರು. ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ಶ್ರಮವಲ್ಲ, ಶ್ರಮದಿಂದ ಏರುವ ಮೈಯ ಬಿಸಿಯೇ ಇದರ ಮೂಲ ಎಂಬುದು ಆಮೇಲಿನ ಸಂಶೋಧಕರಿಗೆ ತಿಳಿಯಿತು. ಆದರೂ ‘ಈ ರೋಗದವರು ಆಯಾಸ ಮಾಡಿಕೊಳ್ಳಬಾರದು, ವ್ಯಾಯಾಮ ಕೂಡದು’ ಎಂಬ ಸಲಹೆ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳವರೆಗೂ ನಡೆದೇ ಇತ್ತು. ಅದರಿಂದ ಎಷ್ಟು ಕಾಲುಗಳು ಅಕಾಲದಲ್ಲಿ ಸೋತವೋ, ಲೆಕ್ಕವಿಟ್ಟವರಿಲ್ಲ.

ಏನಿದು ರೋಗ? ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳಿಗೆ ಮಿಯೆಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ರೋಗಾಣುಗಳ ಮೇಲೆ ಬೀಳಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಈ ಹೊದಿಕೆಯನ್ನೇ ಕೆಡಿಸುತ್ತದೆ. ಆಗ ಮಿದುಳಿನ ಅಪ್ಪಣೆ ಕಾಲಿಗೆ ತಡವಾಗಿ ತಲುಪುತ್ತದೆ. ಕೆಲವೊಮ್ಮೆ ನಡುದಾರಿಯಲ್ಲೇ ನಿಲ್ಲುತ್ತದೆ. ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವರ್ಣಿಸಿದರು. ಇದು ಮುಪ್ಪಿನ ಕಾಯಿಲೆಯಲ್ಲ. ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎಂದರೆ ಓದು ಮುಗಿಯುವ, ಹೊಸ ಕೆಲಸಕ್ಕೆ ಸೇರುವ ಕಾಲದಲ್ಲೇ.

ಹೊದಿಕೆ ಕೆಟ್ಟ ನರತಂತುವಿಗೆ ಬಿಸಿ ಆಗದು. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಸಂದೇಶ ತಡವರಿಸುತ್ತದೆ. ಎಂ.ಆರ್.ಐ. ಬರುವ ಮುಂಚೆ ಶಂಕಿತ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷಿಸುವ ಪದ್ಧತಿಯೇ ಇತ್ತು. ನರಕ ಚತುರ್ದಶಿಯ ಬೆಳಿಗ್ಗೆ ಹಂಡೆಯ ಸುಡುನೀರಿನ ಅಭ್ಯಂಜನವಾದ ಮೇಲೆ ಮನೆಮಗಳ ಕಾಲು ಕುಸಿದರೆ ಅದು ರೋಗ ಉಲ್ಬಣಿಸಿದ್ದೇ ಆಗಿರಬೇಕಿಲ್ಲ. ಮೈ ತಣಿದಾಗ ಬಲ ಮರಳುವುದುಂಟು. ದಿನ ಕಳೆದರೂ ಮರಳದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಹಳೆಯ ಸಲಹೆಗೆ ದೊಡ್ಡ ಪೆಟ್ಟು ಬಿದ್ದದ್ದು 1996ರಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಈ ರೋಗವಿದ್ದ 54 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ಸಲ, ಸಲಕ್ಕೆ 40 ನಿಮಿಷದಂತೆ, ಕೈಕಾಲು ಎರಡಕ್ಕೂ ಕೆಲಸ ಕೊಡುವ ಸೈಕಲ್ ಮಾದರಿಯ ಯಂತ್ರದಲ್ಲಿ 15 ವಾರ ವ್ಯಾಯಾಮ, ಇನ್ನೊಂದಕ್ಕೆ ಇಲ್ಲ. ವ್ಯಾಯಾಮ ಮಾಡಿದವರ ದಮ್ಮು, ಸ್ನಾಯುಬಲ ಎರಡೂ ಹೆಚ್ಚಿದವು. ಎಲ್ಲರೂ ಹೆದರಿದ್ದಂತೆ ರೋಗ ಕೆರಳಲಿಲ್ಲ. ಆಮೇಲೆ ಬಂದ ಅನೇಕ ಅಧ್ಯಯನಗಳೂ ಇದೇ ದಾರಿಯಲ್ಲಿ ನಡೆದಿವೆ.

ಹಾಗೆಂದು ವ್ಯಾಯಾಮ ಹಾಳಾದ ಮಿಯೆಲಿನ್ ಅನ್ನು ಕಟ್ಟಿಕೊಡುತ್ತದೆಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬದಿರುವುದೇ ಒಳ್ಳೆಯದು. ರೋಗ ಕಸಿದದ್ದು ಸ್ವಲ್ಪವಾದರೆ, ಮಲಗಿಯೇ ಇದ್ದುದರಿಂದ ಕಾಲು ಕಳೆದುಕೊಂಡ ಬಲ ಬಹಳಷ್ಟಿರುತ್ತದೆ. ವಾಪಸು ಬರುವುದು ಅದು. ಅದಕ್ಕೇ ಫಿಸಿಯೋಥೆರಪಿಸ್ಟ್ ಮೊದಲು ಅಳೆಯುತ್ತಾರೆ: 25 ಅಡಿ ನಡೆಯಲು ಎಷ್ಟು ಸೆಕೆಂಡು ಬೇಕು, ಆರು ನಿಮಿಷದಲ್ಲಿ ಎಷ್ಟು ದೂರ ಸಾಗುತ್ತದೆ. ಆಮೇಲೆ ಕಾಲಿನ ತೊಂದರೆ ಯಾವ ಬಗೆಯದೆಂದು ನೋಡುತ್ತಾರೆ. ಬಿಗಿದ ಸ್ನಾಯುವನ್ನು ನಿಧಾನವಾಗಿ ಎಳೆದು ಸಡಿಲಿಸಬೇಕು. ಸೋತ ಸ್ನಾಯುವಿಗೆ ಭಾರವನ್ನು ಹಂತ ಹಂತವಾಗಿ ಏರಿಸಬೇಕು. ಓಲಾಡುವವರಿಗೆ ಸಮತೋಲದ ಅಭ್ಯಾಸ. ಕೆಲವರಿಗೆ ಪಾದದ ಮುಂಭಾಗ ಮೇಲೇಳದೆ ಹೊಸ್ತಿಲಿಗೆ ಎಡವುತ್ತದೆ. ಅವರಿಗೆ ಚಪ್ಪಲಿಯ ಬದಲು ಬೂಟು, ಬೂಟಿನೊಳಗೆ ಪಾದವನ್ನು ಎತ್ತಿ ಹಿಡಿಯುವ ಹಗುರ ಪ್ಲಾಸ್ಟಿಕ್ ಪಟ್ಟಿ. ಹೆಜ್ಜೆ ಎತ್ತುವ ಹೊತ್ತಿಗೆ ಸರಿಯಾಗಿ ಮೊಣಕಾಲ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಪಾದ ಎತ್ತಿಸುವ ಸಾಧನವೂ ಇದೆ, ಬೆಲೆ ಮಾತ್ರ ದುಬಾರಿ. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಲ್‌ಫಾಂಪ್ರಿಡಿನ್ ಎಂಬ ಮಾತ್ರೆ ಕೆಲವರ ನಡಿಗೆಯ ವೇಗ ಹೆಚ್ಚಿಸುತ್ತದೆ, ಎಲ್ಲರದ್ದಲ್ಲ.

ಹೊತ್ತು ಆರಿಸುವುದೂ ಚಿಕಿತ್ಸೆಯ ಭಾಗವೇ. ರಾಯಚೂರು, ಕಲಬುರ್ಗಿಯ ಏಪ್ರಿಲ್ ಮಧ್ಯಾಹ್ನ ವ್ಯಾಯಾಮಕ್ಕೆ ತಕ್ಕದ್ದಲ್ಲ. ನಸುಕಿನಲ್ಲಿ, ಫ್ಯಾನಿನ ಕೆಳಗೆ, ತಣ್ಣೀರು ಪಕ್ಕದಲ್ಲಿಟ್ಟುಕೊಂಡು, ಹತ್ತು ನಿಮಿಷಕ್ಕೊಮ್ಮೆ ಕೂತು ಸುಧಾರಿಸಿಕೊಂಡರೆ ಅದೇ ಕಾಲು ಹೆಚ್ಚು ದುಡಿಯುತ್ತದೆ. ರೋಗ ಹೊಸದಾಗಿ ಮರುಕಳಿಸಿದಾಗ ಮಾತ್ರ ವೈದ್ಯರ ಅಪ್ಪಣೆಯಿಲ್ಲದೆ ಮುಂದುವರಿಯಬಾರದು.

ಇಷ್ಟಾದರೂ ತಂದೆತಾಯಿಯರನ್ನು ಕಂಗೆಡಿಸುವುದು ಊರುಗೋಲು. ‘ಈ ವಯಸ್ಸಿಗೆ ಕೋಲೇ? ನಾಲ್ಕು ಜನ ಏನೆಂದಾರು?’ ಕೋಲು ಹಿಡಿದರೆ ಕಾಲು ಇನ್ನೂ ಸೋಮಾರಿಯಾಗುತ್ತದೆಂಬ ಮಾತೂ ಕೇಳಿಬರುತ್ತದೆ. ಕೋಲಿಲ್ಲದೆ ಬಿದ್ದು ಮೂಳೆ ಮುರಿದುಕೊಂಡ ಹುಡುಗಿ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಕೋಲು ಹಿಡಿದವಳು ಗ್ರಂಥಾಲಯಕ್ಕೆ ಹೋಗಿ ಬರುತ್ತಾಳೆ. ಹಿಡಿಯಬೇಕಾದದ್ದು ಸೋತ ಕಾಲಿನ ಕಡೆಯ ಕೈಯಲ್ಲಲ್ಲ, ಎದುರು ಕಡೆಯ ಕೈಯಲ್ಲಿ. ಈ ಒಂದು ಮಾತನ್ನು ಹೇಳಿಕೊಡದೆ ಅಂಗಡಿಯಿಂದ ಕೋಲು ತಂದುಕೊಡುವವರೇ ಹೆಚ್ಚು.

ಕಾಲೇಜಿನಲ್ಲಿ ತರಗತಿ ಮೂರನೇ ಮಹಡಿಯಲ್ಲಿದ್ದರೆ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ, ಇವುಗಳ ಮಾತು ಅದರಲ್ಲಿದೆ. ಅಂಗವೈಕಲ್ಯದ ಪ್ರಮಾಣಪತ್ರವನ್ನು ಪರೀಕ್ಷೆ ಹತ್ತಿರ ಬಂದ ಮೇಲಲ್ಲ, ಪ್ರವೇಶದ ಹೊತ್ತಿಗೇ ಮಾಡಿಸಿಟ್ಟುಕೊಂಡು, ತರಗತಿಯನ್ನು ನೆಲಮಹಡಿಗೆ ಬದಲಿಸಿಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಕೊಡಬಹುದು.